ಟಿಕೆಟ್ ಸೊನ್ನೆ, ಕಾಯುವುದು ಮುಕ್ಕಾಲು ಗಂಟೆ: ಶಕ್ತಿ ಬಸ್ಸಿಗೆ ನನ್ನ ರಿವ್ಯೂ

ಜನ ಮಿಕ್ಸಿಗೆ, ಕುಕ್ಕರಿಗೆ, ಐನೂರು ರೂಪಾಯಿಯ ಇಯರ್‌ಫೋನಿಗೂ ಉದ್ದುದ್ದ ರಿವ್ಯೂ ಬರೆಯುತ್ತಾರೆ. ನಾನು ದಿನಕ್ಕೆ ನಾಲ್ಕು ಸಲ ಬಳಸುವ ವಸ್ತು ಒಂದೇ. ಬಸ್ ಟಿಕೆಟ್. ಅದೂ ಸೊನ್ನೆ ರೂಪಾಯಿಯ ಟಿಕೆಟ್. ಎರಡು ವರ್ಷ ದಾಟಿತು, ಇದರ ಬಗ್ಗೆ ಯಾರಾದರೂ ಓಡಾಡುವವರೇ ಬರೆಯಲಿ ಅಂತ ಕಾದೆ. ಕಾರಲ್ಲಿ ಹೋಗುವವರೇ ಪರ ವಿರೋಧ ಎರಡನ್ನೂ ಬರೆಯುತ್ತಿದ್ದಾರೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅನ್ನುವುದೇ ಈ ಬರಹದಲ್ಲಿ ಜಾಸ್ತಿ ಇದೆ, ಪಕ್ಷದವರು ಬೇಜಾರು ಮಾಡಿಕೊಳ್ಳಬೇಡಿ. ಯಾವ ಪಕ್ಷದವರೂ.

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮದ್ದೂರಿನಿಂದ ಏಳು ಕಿಲೋಮೀಟರ್ ಒಳಕ್ಕೆ. ಸುತ್ತ ಕಬ್ಬು, ನಡುವೆ ಒಂದೆರಡು ಆಲೆಮನೆ. ಮನೆಯವರು ಸೀಸನ್ನಲ್ಲಿ ಆಲೆಮನೆ ಕೆಲಸಕ್ಕೆ, ಉಳಿದ ದಿನ ಸಿಕ್ಕ ಕೆಲಸಕ್ಕೆ ಹೋಗುತ್ತಾರೆ. ನಾನು ಮಂಡ್ಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಮಗಳು ಮಂಡ್ಯದಲ್ಲಿ ಬಿಸಿಎ, ಮಗ ಐಟಿಐ. ಅತ್ತೆ ಮನೆಯಲ್ಲಿ, ಅಂದರೆ ಹೆಸರಿಗೆ ಮನೆಯಲ್ಲಿ. ಅವರ ಕತೆ ಆಮೇಲೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು, ಒಂದು ಭಾನುವಾರ. ಕರ್ನಾಟಕದ ವಿಳಾಸ ಇರುವ ಹೆಂಗಸರು, ಹೆಣ್ಣುಮಕ್ಕಳು, ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದ ಒಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಪುಕ್ಕಟೆ ಹೋಗಬಹುದು. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ, ಕಲ್ಯಾಣ, ನಾಲ್ಕೂ ನಿಗಮಗಳಲ್ಲಿ ನಡೆಯುತ್ತದೆ. ರಾಜಹಂಸ, ಐರಾವತ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ನಡೆಯಲ್ಲ. ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ಅರ್ಜಿ ಹಾಕುವುದು, ಆದಾಯದ ಸರ್ಟಿಫಿಕೇಟ್ ತರುವುದು, ತಾಲ್ಲೂಕು ಆಫೀಸಿಗೆ ಅಲೆಯುವುದು ಏನೂ ಇಲ್ಲ. ಹತ್ತಿ, ಆಧಾರ್ ತೋರಿಸಿ, ಟಿಕೆಟ್ ತಗೊಳ್ಳಿ. ಸರ್ಕಾರದ ಒಂದು ಸೌಲಭ್ಯ ಇಷ್ಟು ಸಲೀಸಾಗಿ ಕೈಗೆ ಬಂದಿದ್ದನ್ನು ನಾನು ನೋಡಿದ್ದು ಇದೇ ಮೊದಲು. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ನಾನು ಎಷ್ಟು ಸಲ ಹೋಗಿದ್ದೆ ಅಂತ ಕೇಳಬೇಡಿ.

ಈಗ ಲೆಕ್ಕಕ್ಕೆ ಬರೋಣ. ಮೊದಲು ನಾನು ನಮ್ಮೂರಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಯೂನಿಟ್ಟಿನಲ್ಲಿ ಹೊಲಿಯುತ್ತಿದ್ದೆ. ತಿಂಗಳಿಗೆ 7,500 ಕೈಗೆ. ಪಿಎಫ್ ಇಲ್ಲ, ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ವಿಮೆ ಇಲ್ಲ, ರಜೆ ಹಾಕಿದರೆ ಸಂಬಳ ಇಲ್ಲ. ಮಂಡ್ಯ ಕಡೆಯ ಫ್ಯಾಕ್ಟರಿಯಲ್ಲಿ ಪಿಎಫ್, ಇಎಸ್‌ಐ ಎಲ್ಲ ಹಿಡಿದು ಕೈಗೆ 9,800 ಕೊಡುತ್ತಾರೆ ಅಂತ 2022ರಲ್ಲೇ ಗೊತ್ತಿತ್ತು. ಪಕ್ಕದ ಬೀದಿಯ ಅಕ್ಕ ಒಬ್ಬರು ಕರೆದಿದ್ದರು ಕೂಡ. ಹೋಗಲಿಲ್ಲ. ಯಾಕೆಂದರೆ ಊರಿಂದ ಮದ್ದೂರಿಗೆ 12, ಮದ್ದೂರಿಂದ ಅಲ್ಲಿಗೆ 27, ಹೋಗಿ ಬರಲು 78 ರೂಪಾಯಿ. ಇಪ್ಪತ್ತಾರು ದಿನಕ್ಕೆ 2,028. ಸಂಬಳದ ವ್ಯತ್ಯಾಸ 2,300. ಅಂದರೆ 272 ರೂಪಾಯಿಗೋಸ್ಕರ ದಿನಾ ಎರಡೂವರೆ ಗಂಟೆ ಬಸ್ಸಲ್ಲಿ ನಿಂತು ಒದ್ದಾಡಬೇಕಿತ್ತು. ಯಾರು ಹೋಗುತ್ತಾರೆ ಹೇಳಿ. ಲೆಕ್ಕ ಹಾಕಿದ್ದ ಆ ಕ್ಯಾಲೆಂಡರ್ ಹಾಳೆ ಈಗಲೂ ಅಡುಗೆಮನೆ ಬಾಗಿಲ ಹಿಂದೆ ಇದೆ, ಜೂನ್ ತಿಂಗಳ ಹಿಂಬದಿಯಲ್ಲಿ, ಮಗಳ ಪೆನ್ನಲ್ಲಿ ಬರೆದದ್ದು, 272ರ ಸುತ್ತ ಎರಡು ಸಲ ಸುತ್ತಿದ್ದೇನೆ.

2023ರ ಆಗಸ್ಟಿನಲ್ಲಿ ಕೆಲಸ ಬದಲಾಯಿಸಿದೆ. ಆ 2,028 ಲೆಕ್ಕದಿಂದ ಹೊರಗೆ ಹೋಯಿತು, ಅಷ್ಟೇ. ಸಂಬಳ ಅಷ್ಟೇ ಇತ್ತು, ದೂರ ಅಷ್ಟೇ ಇತ್ತು, ನನ್ನ ಕೈಕಾಲೂ ಅವೇ. ಅದಕ್ಕೇ ಶಕ್ತಿ ಅಂದರೆ ‘ಉಳಿತಾಯ’ ಅಂತ ಯಾರಾದರೂ ಅಂದಾಗ ನನಗೆ ಅರ್ಧ ಸತ್ಯ ಅನಿಸುತ್ತದೆ. ಮೊದಲೇ ಓಡಾಡುತ್ತಿದ್ದವರಿಗೆ ಅದು ಉಳಿತಾಯ. ನನ್ನಂಥವರಿಗೆ ಏನೂ ಉಳಿಯಲಿಲ್ಲ, ಯಾಕೆಂದರೆ ಮೊದಲು ನಾನು ಬಸ್ಸೇ ಹತ್ತುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಕೆಲಸ. ಕಳೆದ ವರ್ಷ ಮನೆಯವರಿಗೆ ಹರ್ನಿಯಾ ಆಪರೇಷನ್ ಆಯಿತು, ಇಎಸ್‌ಐ ಕಾರ್ಡಲ್ಲಿ. ಹಳೇ ಯೂನಿಟ್ಟಲ್ಲೇ ಇದ್ದಿದ್ದರೆ ಕೈಸಾಲ ಮಾಡಬೇಕಿತ್ತು. ಬಸ್ ಟಿಕೆಟ್ಟಿಗೂ ಆಪರೇಷನ್ನಿಗೂ ಏನು ಸಂಬಂಧ ಅಂತ ನಮ್ಮ ಭಾವ ಕೇಳಿದರು. ಅದೇ ಕ್ಯಾಲೆಂಡರ್ ಹಾಳೆ ತೋರಿಸಿದೆ.

ಇನ್ನೊಂದು ವಿಷಯ ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲು ಮದ್ದೂರಿಗೆ ಹೋಗಬೇಕಾದರೂ ಮನೆಯವರ ಹತ್ತಿರ ‘ಬಸ್ಸಿಗೆ ಕೊಡಿ’ ಅನ್ನಬೇಕಿತ್ತು. ಅವರು ಕೆಟ್ಟವರಲ್ಲ, ಕೊಡುತ್ತಿದ್ದರು. ಆದರೆ ಕೊಡುವ ಮೊದಲು ‘ಏನಕ್ಕೆ?’ ಅಂತ ಒಂದು ಮಾತು ಇರುತ್ತಿತ್ತು. ಬ್ಯಾಂಕಿಗೆ, ಸಂಘಕ್ಕೆ, ತವರಿಗೆ, ಪ್ರತಿ ಸಲವೂ ಏನಕ್ಕೆ. ಈಗ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಹೋಗಿ ಬಂದ ಮೇಲೆ ಹೇಳಿದರೂ ನಡೆಯುತ್ತದೆ. ನಮ್ಮ ಸಂಘದ ಹೆಂಗಸರಲ್ಲಿ ಇದನ್ನೇ ಎಲ್ಲರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ.

ಮಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಿದ್ಯಾರ್ಥಿ ಪಾಸ್ ಮೊದಲೂ ಇತ್ತಲ್ಲ, ಹುಡುಗಿಯರಿಗೆ ಶಕ್ತಿಯಿಂದ ಹೊಸದಾಗಿ ಏನು ಸಿಕ್ಕಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪಾಸ್‌ನಲ್ಲಿ ಊರು ಬರೆದಿರುತ್ತಾರೆ. ಇಲ್ಲಿಂದ ಇಲ್ಲಿಗೆ, ಆಚೆಗೆ ಹೋದರೆ ದುಡ್ಡು. ಮನೆ ಮತ್ತು ಕಾಲೇಜು, ಎರಡು ಗೂಟ, ನಡುವೆ ಹಗ್ಗ. ಈಗ ಅವಳು ಮಂಡ್ಯದಲ್ಲಿ ಕ್ಲಾಸ್ ಮುಗಿಸಿ ವಾರಕ್ಕೆ ಎರಡು ದಿನ ಮೈಸೂರಿಗೆ ಹೋಗಿ ಕೋಚಿಂಗ್ ತಗೊಳ್ಳುತ್ತಾಳೆ. ಬೆಂಗಳೂರಲ್ಲಿ ಒಂದು ಪರೀಕ್ಷೆ ಬರೆದು ಬಂದಳು, ಒಂದು ಇಂಟರ್ನ್‌ಶಿಪ್ಪಿಗೆ ಮಾತಾಡಿ ಬಂದಳು. ಎರಡೂ ಸಿಗಲಿಲ್ಲ, ಬಿಡಿ. ಆದರೆ ಸಿಗುತ್ತೋ ಇಲ್ಲವೋ ಅಂತ ನೋಡಿ ಬರಲು ಹೋಗುವುದಿದೆಯಲ್ಲ, ಅದು ನಮ್ಮಂಥ ಮನೆಗಳಲ್ಲಿ ಇರಲಿಲ್ಲ. ಗ್ಯಾರಂಟಿ ಇದ್ದರೆ ಮಾತ್ರ ಬಸ್ ಚಾರ್ಜು ಕೊಡುತ್ತಿದ್ದರು. ನನ್ನ ಕಾಲದಲ್ಲಿ ಟಿಸಿಎಚ್, ಅಂದರೆ ಟೀಚರ್ ಟ್ರೈನಿಂಗಿನ ಅರ್ಜಿ ತರಲು ಮಂಡ್ಯಕ್ಕೆ ಹೋಗಬೇಕು ಅಂದಾಗ ನಮ್ಮಪ್ಪ ‘ಸೀಟು ಸಿಕ್ಕೋದು ನಿಜವಾದ್ರೆ ಹೋಗು’ ಅಂದಿದ್ದರು.

ಅತ್ತೆ. ಅವರಿಗೆ ಅರವತ್ತೆಂಟು. ಶಕ್ತಿ ಶುರುವಾದ ಮೊದಲ ತಿಂಗಳಲ್ಲೇ ಮಹದೇಶ್ವರ ಬೆಟ್ಟ ಅಂದರು. ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಹೋಗಬೇಕು, ಆ ದಿನಗಳಲ್ಲಿ ಆ ರೂಟಲ್ಲಿ ಎಂಥಾ ರಶ್ ಅಂದರೆ ಕೊಳ್ಳೇಗಾಲದಲ್ಲಿ ಹತ್ತುವವರ ನೂಕುನುಗ್ಗಲಿಗೆ ಬಸ್ಸಿನ ಬಾಗಿಲೇ ಕಿತ್ತು ಬಂದ ವೀಡಿಯೊ ಎಲ್ಲರ ಫೋನಲ್ಲೂ ಓಡಾಡಿತ್ತು. ‘ಬಾಗ್ಲು ಕಿತ್ರೆ ಗಾಳಿ ಚೆನ್ನಾಗಿ ಬತ್ತದೆ ಬುಡು’ ಅಂದು ಹೊರಟೇಬಿಟ್ಟರು. ಆಮೇಲೆ ಮೇಲುಕೋಟೆ, ಧರ್ಮಸ್ಥಳ, ಶೃಂಗೇರಿ. ಈ ದೇವಸ್ಥಾನದ ಓಡಾಟವನ್ನು ತುಂಬಾ ಜನ ಆಡಿಕೊಂಡರು. ನನಗೆ ಅದರಲ್ಲಿ ತಪ್ಪೇನೂ ಕಾಣಲ್ಲ. ನಲವತ್ತೈದು ವರ್ಷ ಗದ್ದೆಯಲ್ಲಿ ನಾಟಿ ಮಾಡಿದ ಕಾಲು ಅದು. ಅವರು ಹೋದ ಮೂರು ದಿನ ಮನೆಯಲ್ಲಿ ನನಗೂ ಸ್ವಲ್ಪ ಶಾಂತಿ, ಇದನ್ನು ಅವರು ಓದಲ್ಲ ಅಂತ ಧೈರ್ಯವಾಗಿ ಬರೆಯುತ್ತಿದ್ದೇನೆ.

ರಶ್ ಬಗ್ಗೆ. ಈಗ ಮೊದಲ ತಿಂಗಳಷ್ಟು ಇಲ್ಲ, ಆದರೆ ಬೆಳಿಗ್ಗೆ ಏಳೂಮುಕ್ಕಾಲರಿಂದ ಒಂಬತ್ತೂವರೆ ತನಕ, ಸಂಜೆ ಐದೂವರೆಯಿಂದ ಏಳು ತನಕ ನಿಂತೇ ಹೋಗಬೇಕು. ಕಂಬಿ ಹಿಡಿಯಲು ಜಾಗ ಸಿಕ್ಕರೆ ಅದೃಷ್ಟ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮೇಲೆ ಕೇಳಲೇಬೇಡಿ, ಗಾರ್ಮೆಂಟ್ಸಿನ ಬಟ್ಟೆ ದೂಳು ತಲೆಯಲ್ಲಿ, ಪಕ್ಕದವರ ಬುಟ್ಟಿಯಲ್ಲಿ ಮೀನು, ಎದುರಿಗೆ ಮಲ್ಲಿಗೆ ಮುಡಿದವರು. ಸೀಟಿನ ಜಗಳ ದಿನಾ ಇದ್ದದ್ದೇ. ನಿಯಮದ ಪ್ರಕಾರ ಬೆಂಗಳೂರು ಸಿಟಿ ಬಸ್ಸು ಬಿಟ್ಟು ಉಳಿದ ಕಡೆ ಅರ್ಧ ಸೀಟು ಗಂಡಸರಿಗೆ. ನಮ್ಮ ಹಳ್ಳಿ ಬಸ್ಸಲ್ಲಿ ಆ ನಿಯಮವನ್ನು ಯಾರೂ ನೋಡಲ್ಲ.

ಒಂದು ದಿನ ಒಬ್ಬ ಯಜಮಾನರು ಮದ್ದೂರಲ್ಲಿ ಹತ್ತಿದವರೇ ಶುರು ಮಾಡಿದರು. ‘ನೀವೆಲ್ಲ ಪುಕ್ಸಟ್ಟೆ ಬಂದು ಕೂತ್ಕಂಡ್ರೆ ಕಾಸ್ ಕೊಟ್ಟೋರು ನೇತಾಡ್ಬೇಕೇನ್ರಮ್ಮ?’ ಮುಂದಿನ ಸೀಟಿಂದ ಒಬ್ಬರು ಅಜ್ಜಿ ತಿರುಗಿ, ‘ಸರಿ ಕಣಪ್ಪ, ಏಳ್ತೀವಿ. ಮೊದ್ಲು ನಿನ್ ಹೆಂಡ್ರನ್ನ ಎಬ್ರುಸು’ ಅಂದರು. ಅವರ ಹೆಂಡತಿ ಮೂರನೇ ಸಾಲಲ್ಲಿ ಕಿಟಕಿ ಪಕ್ಕ, ತೊಡೆ ಮೇಲೆ ಗಂಡನ ಟಿಫನ್ ಬ್ಯಾಗು ಇಟ್ಟುಕೊಂಡು ಕೂತಿದ್ದರು. ಇಡೀ ಬಸ್ಸು ನಕ್ಕಿತು, ಕಂಡಕ್ಟರೂ ನಕ್ಕರು, ಆ ಯಜಮಾನರೂ ಕೊನೆಗೆ ನಕ್ಕರು. ಆದರೂ ಅವರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಹತ್ತುವವರು ಜಾಸ್ತಿಯಾದರು, ನಮ್ಮ ರೂಟಲ್ಲಿ ಬಸ್ಸು ಜಾಸ್ತಿ ಆಗಲಿಲ್ಲ. ಜಗಳ ಗಂಡಸರಿಗೂ ಹೆಂಗಸರಿಗೂ ಅಲ್ಲ, ಐವತ್ತು ಸೀಟಿಗೂ ಎಂಬತ್ತು ಜನಕ್ಕೂ.

ಹೊಸದಾಗಿ ಓಡಾಡುವವರಿಗೆ ಒಂದೆರಡು ಕಿವಿಮಾತು. ಪುಕ್ಕಟೆ ಅಂತ ಟಿಕೆಟ್ ತಗೊಳ್ಳದೆ ಸುಮ್ನೆ ಕೂರಬೇಡಿ, ಕೇಳಿ ತಗೊಳ್ಳಿ. ಆ ಸೊನ್ನೆ ಟಿಕೆಟ್ಟಿನ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡುವುದು. ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ಇಲ್ಲದಿದ್ದರೆ ಕಂಡಕ್ಟರಿಗೂ ತೊಂದರೆ, ನಿಮಗೂ ತೊಂದರೆ. ಮದ್ದೂರು ಅಂತ ಟಿಕೆಟ್ ತಗೊಂಡು ಮಂಡ್ಯದಲ್ಲಿ ಇಳಿಯುವುದು, ಮಂಡ್ಯಕ್ಕೆ ತಗೊಂಡು ನಡುವೆ ಇಳಿಯುವುದು ಮಾಡಬೇಡಿ, ಪುಕ್ಕಟೆ ಆದರೂ ಲೆಕ್ಕ ಲೆಕ್ಕವೇ. ಆಧಾರ್ ಒರಿಜಿನಲ್ ಇಟ್ಟುಕೊಂಡರೆ ವಾದವೇ ಬರಲ್ಲ, ಫೋಟೋದಲ್ಲಿ ಮುಖ ಕಾಣುವಂತಿರಲಿ. ನನ್ನದರಲ್ಲಿ ನಾನೇ ಕಾಣುವುದಿಲ್ಲ, ಯಾರೋ ಕಳ್ಳಿ ಥರ ಇದ್ದೇನೆ, ಆದರೂ ಎರಡು ವರ್ಷದಿಂದ ನಡೆದಿದೆ. ಮೊದಲಲ್ಲಿ ಸ್ಮಾರ್ಟ್ ಕಾರ್ಡ್ ಕೊಡುತ್ತೇವೆ, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು ಅಂದಿದ್ದರು. ಅರ್ಜಿ ಶುರುವಾಗುವ ಮೊದಲೇ ಒಂದು ಸೈಬರ್ ಅಂಗಡಿಯವನು ‘ಅಡ್ವಾನ್ಸ್ ಆಗಿ ಹಾಕ್ತೀನಿ ಅಕ್ಕ’ ಅಂತ ನನ್ನಿಂದ ನೂರು ರೂಪಾಯಿ ಇಸಿದುಕೊಂಡ. ಕಾರ್ಡೂ ಬರಲಿಲ್ಲ, ನೂರೂ ಬರಲಿಲ್ಲ. ನನ್ನ ಓಡಾಟವೆಲ್ಲ ಆಧಾರ್ ಮೇಲೇ ಆಗಿದೆ.

ಇನ್ನೊಂದು, ಇದು ನಮ್ಮ ಕಡೆಯವರಿಗೆ ಮಾತ್ರ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕೆಲವು ಬಸ್ಸುಗಳು ಮದ್ದೂರಿನ ಒಳಗೆ ಬರಲ್ಲ, ಬೈಪಾಸಲ್ಲಿ ಹೋಗಿಬಿಡುತ್ತವೆ. ಬೋರ್ಡು ನೋಡದೆ ಹತ್ತಿ ನಾನೊಮ್ಮೆ ಸರ್ವಿಸ್ ರೋಡಲ್ಲಿ ಇಳಿದು, ಕತ್ತಲಲ್ಲಿ ಊಟದ ಡಬ್ಬಿ ಹಿಡಿದು ನಡೆದಿದ್ದೇನೆ. ತಪ್ಪು ನನ್ನದೇ. ‘ಊರೊಳಗೆ ಹೋಗ್ತದಾ ಅಣ್ಣಾ’ ಅಂತ ಒಂದು ಮಾತು ಕೇಳಿ ಹತ್ತಿ.

ನನ್ನ ಪಕ್ಕದ ಮಷಿನ್ನಿನ ಹುಡುಗಿ ಒಡಿಶಾದವಳು. ಇಪ್ಪತ್ತೊಂದು ವರ್ಷ. ನಾವಿಬ್ಬರೂ ಒಂದೇ ಲೈನು, ಒಂದೇ ಟಾರ್ಗೆಟ್, ಒಂದೇ ಸೂಪರ್‌ವೈಸರ್ ಕೈಲಿ ಬೈಸಿಕೊಳ್ಳುತ್ತೇವೆ. ಭಾನುವಾರ ಒಂದು ದಿನ ಅವಳನ್ನು ಮದ್ದೂರಿಗೆ ಊಟಕ್ಕೆ ಕರೆದೆ. ಬಸ್ಸಲ್ಲಿ ನಾನು ಆಧಾರ್ ತೋರಿಸಿದೆ, ಸೊನ್ನೆ ಟಿಕೆಟ್ ಬಂತು. ಅವಳ ಆಧಾರಲ್ಲಿ ಒಡಿಶಾದ ವಿಳಾಸ. ಕಂಡಕ್ಟರ್ ಪಾಪ ಒಳ್ಳೆಯವರೇ, ‘ನಾನೇನ್ ಮಾಡ್ಲಮ್ಮಾ, ರೂಲು’ ಅಂದರು. ಅವಳು ಪರ್ಸಿಂದ ಮಡಚಿದ ನೋಟು ತೆಗೆದಳು. ನಾನು ಕೊಡುತ್ತೇನೆ ಅಂದರೂ ಬಿಡಲಿಲ್ಲ. ಕರ್ನಾಟಕದ ದುಡ್ಡು ಕರ್ನಾಟಕದವರಿಗೆ ಅನ್ನುವುದು ಕೇಳಲು ಸರಿಯೇ ಇದೆ, ಒಪ್ಪುತ್ತೇನೆ. ಆದರೆ ಅವಳು ಕೊಳ್ಳುವ ಸೋಪಿಗೂ ತೆರಿಗೆ ಇಲ್ಲೇ ಕಟ್ಟುತ್ತಾಳೆ. ತಮಿಳುನಾಡಿನಲ್ಲಿ 2021ರಿಂದ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಪುಕ್ಕಟೆ ಇದೆ. ಅಲ್ಲಿ ಊರು ಯಾವುದು ಅಂತ ಕೇಳುವುದಿಲ್ಲ, ಹೆಂಗಸಾದರೆ ಸಾಕು. ಹಾಗಂತ ಅಲ್ಲಿ ದೂರದ ಎಕ್ಸ್‌ಪ್ರೆಸ್ ಬಸ್ಸಿಗೆ ಇಲ್ಲ, ನಮ್ಮಲ್ಲಿ ಬೀದರಿಂದ ಬೆಂಗಳೂರಿಗೂ ಹೋಗಬಹುದು. ಆ ವಿಷಯದಲ್ಲಿ ನಮ್ಮದೇ ದೊಡ್ಡದು.

ಈಗ ಆ ಕಟ್ ಆದ ಸ್ಟಾರ್.

ಮದ್ದೂರು-ಮಂಡ್ಯ ನಡುವೆ ಬಸ್ಸಿಗೆ ಬರ ಇಲ್ಲ. ಬೇಡ ಅಂದರೂ ಬರುತ್ತವೆ. ನನ್ನ ಸಮಸ್ಯೆ ಮದ್ದೂರಿಂದ ಮನೆಗೆ, ಆ ಏಳು ಕಿಲೋಮೀಟರ್. ನಮ್ಮೂರಿಗೆ ದಿನಕ್ಕೆ ನಾಲ್ಕು ಟ್ರಿಪ್. ಸಂಜೆ ಒಂದು ಆರು ಗಂಟೆಗೆ, ಅದು ಹೋದರೆ ಆಮೇಲಿನದು ಎಂಟೂಕಾಲಿಗೆ, ಅದೂ ಬಂದರೆ ಬಂತು. ಫ್ಯಾಕ್ಟರಿ ಬಿಡುವುದು ಐದೂವರೆಗೆ. ಪಂಚಿಂಗ್ ಮಾಡಿ, ಬ್ಯಾಗು ಚೆಕ್ ಮಾಡಿಸಿ, ಗೇಟು ದಾಟಿ ರೋಡಿಗೆ ಬರುವಷ್ಟರಲ್ಲಿ ಐದು ನಲವತ್ತು. ಮದ್ದೂರು ಬಸ್ ಸ್ಟ್ಯಾಂಡ್ ತಲುಪುವುದು ಆರೂಹತ್ತು. ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ವಾರದಲ್ಲಿ ನಾಲ್ಕು ದಿನ ನಾನು ಊರಿನ ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಉಳಿದೆರಡು ದಿನ ಸಿಗುವುದೂ ಅದು ಲೇಟಾಗಿ ಹೊರಟರೆ ಮಾತ್ರ, ಅಂದರೆ ಬಸ್ಸು ಟೈಮಿಗೆ ಹೊರಡದಿರಲಿ ಅಂತ ದೇವರಿಗೆ ಕೈಮುಗಿಯುವ ಪ್ರಯಾಣಿಕಳು ನಾನೊಬ್ಬಳೇ ಇರಬೇಕು.

ತಪ್ಪಿದ ದಿನ ಏನು ಮಾಡುತ್ತೇವೆ? ಸ್ಟ್ಯಾಂಡ್ ಹೊರಗೆ ಶೇರ್ ಆಟೋ ನಿಂತಿರುತ್ತದೆ. ತಲೆಗೆ ಮೂವತ್ತು, ಅದೂ ಎಂಟು ಜನ ತುಂಬಿದ ಮೇಲೆ. ತುಂಬಲು ಅರ್ಧ ಗಂಟೆ, ಕೆಲವು ಸಲ ಮುಕ್ಕಾಲು ಗಂಟೆ. ಡ್ರೈವರ್ ಪಕ್ಕ ಒಬ್ಬರು, ಹಿಂದೆ ಅಡ್ಡಡ್ಡ, ನನ್ನ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ತಿಂಗಳಿಗೆ ಸುಮಾರು ಹದಿನೇಳು ಸಲ ಅಂದರೆ 510 ರೂಪಾಯಿ. ಎಲ್ಲ ಬಸ್ಸು ಪುಕ್ಕಟೆ ಆದರೂ ನನ್ನ ಓಡಾಟದ ಖರ್ಚು 510. ಇದನ್ನು ಯಾವ ಲೆಕ್ಕದಲ್ಲೂ ಯಾರೂ ಬರೆಯುವುದಿಲ್ಲ, ಯಾಕೆಂದರೆ ಇದು ಬರದೇ ಇದ್ದ ಬಸ್ಸಿನ ಟಿಕೆಟ್. ಓವರ್‌ಟೈಮ್ ಅಂತೂ ನನಗೆ ಇಲ್ಲವೇ ಇಲ್ಲ. ಏಳೂವರೆ ತನಕ ನಿಂತರೆ ಡಬಲ್ ಕೊಡುತ್ತಾರೆ, ನಿಲ್ಲುವವರೆಲ್ಲ ಮಂಡ್ಯ ಟೌನಿನವರು, ಇಲ್ಲವೇ ಗಂಡ ಬೈಕಲ್ಲಿ ಬಂದು ಕರೆದುಕೊಂಡು ಹೋಗುವವರು. ಚೆಕಿಂಗ್ ಸೆಕ್ಷನ್ನಿನಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾದಾಗ ನನ್ನನ್ನು ಕೇಳಿದರು. ಸಂಜೆ ಏಳರ ತನಕ ಇರಬೇಕು ಅಂದರು. ನಾನು ಇಲ್ಲ ಅಂದೆ. ನನಗಿಂತ ಎರಡು ವರ್ಷ ಆಮೇಲೆ ಸೇರಿದವಳು ಈಗ ಅಲ್ಲಿದ್ದಾಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ಕೋಪ ಇಲ್ಲ.

ಕರಾವಳಿ ಕಡೆ ಇದು ಇನ್ನೂ ಬೇರೆ ಥರ. ನನ್ನ ನಾದಿನಿಯನ್ನು ಉಡುಪಿ ಕಡೆ ಕೊಟ್ಟಿದ್ದೇವೆ. ಅಲ್ಲಿ ಮಂಗಳೂರು, ಉಡುಪಿ ಸುತ್ತ ಖಾಸಗಿ ಬಸ್ಸುಗಳದ್ದೇ ಓಡಾಟ. ಖಾಸಗಿ ಬಸ್ಸಲ್ಲಿ ಶಕ್ತಿ ಇಲ್ಲ. ‘ನಿಮಗೆಲ್ಲ ಫ್ರೀ ಅತ್ತಿಗೆ, ನಮಗೆ ಬೋರ್ಡು ಮಾತ್ರ ಫ್ರೀ’ ಅಂತಾಳೆ.

ಗಂಡಸರ ಕಡೆಯ ಮಾತೂ ಬರೆಯಬೇಕು, ಇಲ್ಲದಿದ್ದರೆ ಮಗ ಬೇಜಾರಾಗುತ್ತಾನೆ. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ ಹದಿನೈದರಷ್ಟು ಏರಿತು. ನಮಗೆ ಗೊತ್ತೇ ಆಗಲಿಲ್ಲ, ಸೊನ್ನೆಗೆ ಹದಿನೈದು ಸೇರಿಸಿದರೂ ಸೊನ್ನೆಯೇ ಅಲ್ವಾ. ಮನೆಯವರಿಗೆ ಗೊತ್ತಾಯಿತು. ಮಗನಿಗೆ ಪಾಸ್ ಇದೆ, ಆದರೆ ಅಕ್ಕನಂತೆ ಮೈಸೂರಿಗೆ ಹೋಗಿ ಬರಲು ಆಗಲ್ಲ. ಅಪ್ರೆಂಟಿಸ್ ಇಂಟರ್ವ್ಯೂಗೆ ಬೆಂಗಳೂರಿಗೆ ಹೋಗಬೇಕಾದಾಗ ಮದ್ದೂರು ಸ್ಟೇಷನ್ನಿಂದ ರೈಲಲ್ಲಿ ಹೋದ, ಚಾರ್ಜು ಕಡಿಮೆ ಅಂತ. ಕೆಲಸ ಹುಡುಕುವ ವಯಸ್ಸಿನ ಹುಡುಗರಿಗೆ ಒಂದೆರಡು ವರ್ಷವಾದರೂ ಇಂಥದ್ದೇನಾದರೂ ಮಾಡಿದರೆ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಬಡವರ ಮನೆ ಹುಡುಗ ಅಂದರೆ ಅವನಿಗೂ ‘ಏನಕ್ಕೆ?’ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ.

ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳುವವರಿಗೆ: ನಮ್ಮೆಲ್ಲರ ತೆರಿಗೆಯಿಂದ. ವರ್ಷಕ್ಕೆ ಐದು ಸಾವಿರ ಕೋಟಿ ದಾಟುವ ಬಾಬತ್ತು, ಸಣ್ಣದಲ್ಲ. 2025ರ ಜುಲೈ 14ರಂದು 500 ಕೋಟಿಯನೇ ಸೊನ್ನೆ ಟಿಕೆಟ್ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಲ್ಲಿ ಬಸ್ ಹತ್ತಿ ಟಿಕೆಟ್ ಕೊಟ್ಟರು. ಲೆಕ್ಕ ಹಾಕಿ ನೋಡಿದೆ, ಅದರಲ್ಲಿ ನನ್ನ ಪಾಲು ಸುಮಾರು ಎರಡು ಸಾವಿರ ಟಿಕೆಟ್. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 5ಕ್ಕೆ, ಸಾರಿಗೆ ನೌಕರರು 38 ತಿಂಗಳ ವೇತನ ಹೆಚ್ಚಳದ ಬಾಕಿ ಕೊಡಿ ಅಂತ ಮುಷ್ಕರ ಮಾಡಿದರು. ಆ ದಿನ ನಾನು ಫ್ಯಾಕ್ಟರಿಗೆ ಹೋಗಿದ್ದು ಎರಡು ಆಟೋ, ಒಂದು ಹಾಲಿನ ವ್ಯಾನು ಹಿಡಿದು. ತಲುಪಿದ್ದು ಹನ್ನೊಂದಕ್ಕೆ, ಅರ್ಧ ದಿನದ ಸಂಬಳ ಹೋಯಿತು. ಆದರೂ ನೌಕರರ ಮೇಲೆ ಸಿಟ್ಟು ಬರಲಿಲ್ಲ. ಎಂಬತ್ತು ಜನ ತುಂಬಿದ ಬಸ್ಸಲ್ಲಿ ಒಬ್ಬೊಬ್ಬರ ಆಧಾರ್ ನೋಡಿ, ಟಿಕೆಟ್ ಕೊಟ್ಟು, ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಹಿಂದಿನ ಬಾಗಿಲಿಗೆ ಹೋಗಿ ಬರುವ ಕಂಡಕ್ಟರುಗಳನ್ನು ದಿನಾ ನೋಡುತ್ತೇನೆ. ಒಬ್ಬರು ಮೇಡಂ ಇದ್ದಾರೆ ನಮ್ಮ ಬೆಳಗಿನ ಬಸ್ಸಿಗೆ, ಒಂದು ಕೈಲಿ ಮಷಿನ್ನು, ಇನ್ನೊಂದು ಕೈ ಯಾರ ಮಗುವನ್ನೋ ಹಿಡಿದಿರುತ್ತದೆ.

2024ರ ಅಕ್ಟೋಬರ್ ಕೊನೆಗೆ ಉಪಮುಖ್ಯಮಂತ್ರಿಗಳು, ಟಿಕೆಟ್ಟಿಗೆ ದುಡ್ಡು ಕೊಡಲು ಕೆಲವು ಹೆಂಗಸರು ಸಿದ್ಧ ಇದ್ದಾರೆ, ಯೋಚನೆ ಮಾಡುತ್ತೇವೆ ಅಂದಿದ್ದರು. ಆಮೇಲೆ ಆ ಮಾತು ಅಲ್ಲಿಗೇ ನಿಂತಿತು. ನಮ್ಮ ಲೈನಿನಲ್ಲಿ ಕೇಳಿ ನೋಡಿದೆ, ಕೊಡುತ್ತೇನೆ ಅಂದವರು ಇಬ್ಬರು ಸಿಕ್ಕರು ನಿಜ. ಆದರೆ ಇಬ್ಬರೂ ಅಂದಿದ್ದು, ‘ಟೈಮಿಗೆ ಬಸ್ಸು ಬಿಟ್ರೆ ಐದ್ ರೂಪಾಯಿ ಕೊಡಣ’. ಯಾರೂ ಸುಮ್ನೆ ಕೊಡಲ್ಲ. ನಾನೂ ಅಷ್ಟೇ. ಆಟೋಗೆ ಕೊಡುವ ಮೂವತ್ತರಲ್ಲಿ ಹತ್ತನ್ನು ಬಸ್ಸಿಗೆ ಕೊಡುತ್ತೇನೆ, ಸಂಜೆ ಆರೂಮುಕ್ಕಾಲಿಗೆ ಒಂದು ಟ್ರಿಪ್ ಬಿಟ್ಟರೆ. ಹಾಗಂತ ಎಲ್ಲರ ಮೇಲೂ ದರ ಹಾಕಿದರೆ ಮತ್ತೆ ಯಾರದೋ ಮನೆಯ ಕ್ಯಾಲೆಂಡರಲ್ಲಿ 272 ಬರುತ್ತದೆ. ಅದು ಬೇಡ.

ನಮ್ಮೂರು, ಪಕ್ಕದ ಎರಡು ಊರು ಸೇರಿ ಅರವತ್ತಮೂರು ಹೆಂಗಸರು ಸಹಿ ಹಾಕಿ, ಆರು ಗಂಟೆಯ ಟ್ರಿಪ್ಪನ್ನು ಆರೂಕಾಲಿಗೆ ಮಾಡಿ ಅಂತ ಅರ್ಜಿ ಕೊಟ್ಟಿದ್ದೇವೆ. ಹೊಸ ಬಸ್ಸೂ ಕೇಳಿಲ್ಲ, ಹದಿನೈದೇ ನಿಮಿಷ. ಅರ್ಜಿ ಬರೆದಿದ್ದು ಮಗಳು, ಕಂಪ್ಯೂಟರಲ್ಲಿ ಟೈಪ್ ಮಾಡಿ. ಅತ್ತೆ ಹೆಬ್ಬೆಟ್ಟು ಒತ್ತಿದರು, ಅವರು ಸಂಜೆ ಬಸ್ಸಲ್ಲಿ ಓಡಾಡುವುದೇ ಇಲ್ಲ, ಆದರೂ ನನ್ನದೂ ಇರಲಿ ಅಂದರು. ತಗೊಂಡವರು ಸೀಲ್ ಹಾಕಿ ಒಂದು ಕಾಪಿ ವಾಪಸ್ ಕೊಟ್ಟಿದ್ದಾರೆ. ಅದು ಈಗ ಅಡುಗೆಮನೆ ಬಾಗಿಲ ಹಿಂದೆ ಕ್ಯಾಲೆಂಡರ್ ಹಾಳೆ ಪಕ್ಕದಲ್ಲಿದೆ. ಟೈಮ್ ಬದಲಾದ ದಿನ ಬಂದು ಇಲ್ಲೇ ಸ್ಟಾರ್ ಸರಿ ಮಾಡುತ್ತೇನೆ.